ಆಷಾಢದಲ್ಲಿ ಜೇನಿಗೆ ನಿಮ್ಮ ಹಿತ್ತಲಲ್ಲಿ ಏನಿದೆ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿಂದೆ ಮೂರು ಗುಂಟೆಯಷ್ಟು ಹಿತ್ತಲಿದೆ, ಸುತ್ತ ಕಾಫಿ ತೋಟ. ಹೋದ ಮಳೆಗಾಲದಲ್ಲಿ ಸಿಹಿಗುಂಬಳ, ಸೋರೆ ಬಳ್ಳಿಗಳು ತುಂಬ ಹೂವು ಬಿಟ್ಟರೂ ಮಿಡಿಗಳೆಲ್ಲ ಹಳದಿಯಾಗಿ ಉದುರಿದವು. ಜೇನು ಬರದಿರುವುದೇ ಕಾರಣ ಎಂದು ನೆಂಟರೊಬ್ಬರು ಹೇಳಿದರು. ಅದಕ್ಕೆ ನರ್ಸರಿಯಿಂದ ಪೆಟೂನಿಯಾ ಮತ್ತು ದೊಡ್ಡ ಚೆಂಡು ಹೂವಿನ ಸಸಿ ತಂದು ನೆಟ್ಟೆ. ಬೇಸಿಗೆಯವರೆಗೆ ನೋಡಲು ಚೆನ್ನಾಗಿದ್ದವು, ಆದರೆ ಜೇನು ಸುಳಿಯಲಿಲ್ಲ. ಮಳೆ ಹಿಡಿದ ಮೇಲೆ ಗಿಡಗಳೇ ಕೊಳೆತವು. ವರ್ಷವಿಡೀ ಜೇನು, ಚಿಟ್ಟೆ ಬರುವಂತೆ ಹಿತ್ತಲು ಮಾಡುವುದು ಹೇಗೆ? ಟೊಮೆಟೊ, ಬದನೆಗೂ ಜೇನು ಬೇಕೇ? ಒಂದು ಜೇನುಪೆಟ್ಟಿಗೆ ತಂದಿಟ್ಟರೆ ಎಲ್ಲವೂ ಸರಿಹೋಗುತ್ತದೆಯೇ?

ಉತ್ತರ: ಮೊದಲು ಕುಂಬಳದ ವಿಚಾರ ಮುಗಿಸಿಬಿಡೋಣ. ಉಳಿದದ್ದಕ್ಕೆಲ್ಲ ದಾರಿ ಅಲ್ಲಿಂದಲೇ ಸಿಗುತ್ತದೆ.

ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೂವಿನ ಬುಡದಲ್ಲಿ ಗೋಲಿಯಷ್ಟು ಮಿಡಿ ಇದ್ದರೆ ಅದು ಹೆಣ್ಣು. ಬರಿಯ ಉದ್ದ ತೊಟ್ಟು ಇದ್ದರೆ ಗಂಡು. ಬಳ್ಳಿ ಮೊದಲು ಕೆಲವು ದಿನ ಗಂಡು ಹೂವನ್ನೇ ಬಿಡುತ್ತದೆ, ಆಗ ಕಾಯಿ ಕಚ್ಚಲಿಲ್ಲವೆಂದು ಗಾಬರಿಪಡಬೇಕಿಲ್ಲ. ಹೆಣ್ಣು ಹೂವು ಬಂದ ಮೇಲೆ ಅದಕ್ಕೆ ಸಿಗುವುದು ಒಂದೇ ಬೆಳಗು. ಬೆಳಕು ಹರಿಯುವಾಗ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಕುಂಬಳದ ಪರಾಗ ದಪ್ಪ ಕಾಳಿನದು, ಅಂಟಂಟು, ಗಾಳಿಗೆ ಹಾರುವುದಿಲ್ಲ. ಯಾರಾದರೂ ಹೊತ್ತುಕೊಂಡೇ ಹೋಗಬೇಕು. ಜುಲೈ ತಿಂಗಳ ಬೆಳಗಿನ ಆ ನಾಲ್ಕೈದು ಗಂಟೆ ಮೂಡಿಗೆರೆಯಲ್ಲಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದು ಕೂತರೆ ಜೇನು ಗೂಡಿನ ಬಾಗಿಲು ದಾಟುವುದಿಲ್ಲ. ಹೊರಟು ಬಂದರೂ ಪ್ರಯೋಜನ ಕಡಿಮೆ. ಬಟ್ಟಲಿನಂಥ ಹೂವಿನಲ್ಲಿ ನೀರು ನಿಂತು ಪರಾಗ ನೆನೆದು ಕೆಟ್ಟಿರುತ್ತದೆ. ಪಕ್ಕದಲ್ಲಿ ಎಷ್ಟು ಪೆಟೂನಿಯಾ ನೆಟ್ಟರೂ ಈ ಎರಡು ತೊಂದರೆಗಳು ಹೋಗುವುದಿಲ್ಲ.

ಸೋರೆಯ ಲೆಕ್ಕವೇ ಬೇರೆ. ಅದರ ಬಿಳಿ ಹೂವು ಅರಳುವುದು ಇಳಿಹೊತ್ತಿಗೆ. ಜೇನುಗಳು ಗೂಡು ಸೇರಿದ ಮೇಲೆ ಬರುವ ಪತಂಗಗಳೇ ಅದರ ಮುಖ್ಯ ಅತಿಥಿಗಳು. ಪಡವಲದ ಜಾಲರಿ ಅಂಚಿನ ಹೂವೂ ರಾತ್ರಿಯದು. ಹೀರೆಯ ಹೂವು ಹಳದಿಯಾದರೂ ಸಂಜೆಯೇ ಬಿರಿಯುತ್ತದೆ. ಸೌತೆ, ಹಾಗಲ, ಕುಂಬಳ ಮಾತ್ರ ಬೆಳಗಿನವು. ಆದ್ದರಿಂದ ಸೋರೆ ಕಾಯಿ ಕಟ್ಟಲಿಲ್ಲ ಎಂದು ಜೇನನ್ನು ದೂರಿ ಫಲವಿಲ್ಲ. ಹಿತ್ತಲಿನ ಕಡೆಯ ದೀಪ ರಾತ್ರಿಯಿಡೀ ಉರಿಯುತ್ತದೆಯೇ ನೋಡಿ. ಉರಿಯುತ್ತಿದ್ದರೆ ಬಳ್ಳಿ ಹೂವಿಗೆ ಬಂದ ತಿಂಗಳುಗಳಲ್ಲಾದರೂ ಮಲಗುವ ಮುನ್ನ ಅದನ್ನು ಆರಿಸಿ. ಹೂವಿಗೆ ಹೋಗಬೇಕಾದ ಪತಂಗಗಳು ಬಲ್ಬಿನ ಸುತ್ತ ಸುತ್ತಿ ಬೆಳಗಿನ ಹೊತ್ತಿಗೆ ಹಲ್ಲಿಯ ಹೊಟ್ಟೆ ಸೇರಿರುತ್ತವೆ.

ಈ ವರ್ಷದ ಮಟ್ಟಿಗೆ ಕೈಯಿಂದಲೇ ಪರಾಗ ಮುಟ್ಟಿಸಿ. ಮರುದಿನ ಅರಳಲಿರುವ ಕುಂಬಳದ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಬಹುದು, ತುದಿಗೆ ಹಳದಿ ಇಳಿದಿರುತ್ತದೆ. ಅಂಥ ಒಂದೆರಡು ಗಂಡು ಮೊಗ್ಗು ಮತ್ತು ಹೆಣ್ಣು ಮೊಗ್ಗಿನ ಮೇಲೆ ಮಳೆ ಬೀಳದಂತೆ ಅಡಿಕೆ ಹಾಳೆಯ ತುಂಡನ್ನೋ ಬಾಳೆ ಎಲೆಯ ದೊನ್ನೆಯನ್ನೋ ಮುಚ್ಚಿಡಿ. ಬೆಳಿಗ್ಗೆ ಗಂಡು ಹೂವನ್ನು ಕಿತ್ತು, ಎಸಳು ಹರಿದು ತೆಗೆದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿನ ಉಬ್ಬಿಗೆ ಸುತ್ತಲೂ ತಾಗುವಂತೆ ಮೆಲ್ಲಗೆ ಒರೆಸಿ. ಒಂದೇ ಕಡೆ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ಸೋರೆ, ಹೀರೆಗೆ ಇದನ್ನೇ ಸಂಜೆ ಮಾಡಿ. ಇನ್ನೊಂದು ಪರೀಕ್ಷೆಯನ್ನೂ ಮಾಡಿ: ಉದುರಿದ ಮಿಡಿಯನ್ನು ಕುಯ್ದು ನೋಡಿ. ಒಳಗೆ ಬಿಳಿ ಹುಳುಗಳಿದ್ದರೆ ಅದು ಹಣ್ಣುನೊಣದ ಕೆಲಸ, ಪರಾಗದ ಕೊರತೆಯಲ್ಲ. ಅದಕ್ಕೆ ಗಂಡು ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂಲೂರ್ ಬಲೆ ಬೇಕು. ಮಾವಿಗೆ ಕಟ್ಟುವ ಮಿಥೈಲ್ ಯುಜಿನಾಲ್ ಬಲೆಗೆ ಬಳ್ಳಿತರಕಾರಿಯ ನೊಣ ಬೀಳುವುದಿಲ್ಲ.

ಇನ್ನು ವರ್ಷವಿಡೀ ಹೂವಿನ ಮಾತು. ಹಿತ್ತಲು ತುಂಬ ಸದಾ ಹೂವಿರಬೇಕು ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಮಲೆನಾಡಿನ ಜೇನಿಗೆ ಎಲ್ಲ ತಿಂಗಳೂ ಒಂದೇ ಅಲ್ಲ. ಚಳಿ ದೇಶಗಳಲ್ಲಿ ಹೂವಿಲ್ಲದ ಕಾಲ ಎಂದರೆ ಚಳಿಗಾಲ. ಅಲ್ಲಿಗೆಂದು ಬರೆದ ಪಟ್ಟಿಗಳನ್ನು ನೋಡಿ ನಾವು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಂಗಳವನ್ನು ಸಿಂಗರಿಸುತ್ತೇವೆ. ಆ ತಿಂಗಳುಗಳಲ್ಲಿ ನಿಮ್ಮ ಸುತ್ತಲಿನ ತೋಟ, ಕಾಡು ತಾವೇ ಹೂವು ಸುರಿಯುತ್ತವೆ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ಕಾಫಿ ಬಿರಿಯಿತೆಂದರೆ ಎರಡು ಮೂರು ದಿನ ಊರೆಲ್ಲ ಅದರದೇ ಪರಿಮಳ. ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಕೋಲುಜೇನು ಎಲ್ಲವೂ ಅಲ್ಲಿಯೇ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬರಬೇಕು. ಅದಕ್ಕೆ ಜೇನಿನ ಈ ಸೇವೆ ಬೆಳೆಗಾರರ ಜೇಬಿಗೆ ನೇರವಾಗಿ ಸಂಬಂಧಿಸಿದ್ದು. ಅರೇಬಿಕಾ ತನ್ನ ಪರಾಗದಿಂದಲೇ ಸಾಗಿಸಿಕೊಳ್ಳುತ್ತದೆ. ಕಾಫಿಯ ಹಿಂದೆ ಮುಂದೆ ಸಿಲ್ವರ್ ಓಕ್, ಹಾಲುವಾಣ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ನೇರಳೆ, ಮತ್ತಿ ಎಂದು ಸರತಿ ಸಾಲು. ಇಂಥ ಸುಗ್ಗಿಯಲ್ಲಿ ನಿಮ್ಮ ಮೂರು ಗುಂಟೆಯತ್ತ ಜೇನು ತಿರುಗಿ ನೋಡಲಿಲ್ಲವೆಂದರೆ ಅದರಲ್ಲಿ ಅವಮಾನವೇನೂ ಇಲ್ಲ.

ಬರಗಾಲ ಶುರುವಾಗುವುದು ಮೃಗಶಿರ ಮಳೆಯ ಜೊತೆಗೆ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್‌ವರೆಗೆ ಕಾಡು ಹಸಿರಾಗಿರುತ್ತದೆ, ಹೂವು ಕಡಿಮೆ. ಇರುವ ಹೂವಿನ ಮಕರಂದವೂ ಮಳೆನೀರಿನಲ್ಲಿ ತೊಳೆದುಹೋಗಿರುತ್ತದೆ. ಹೆಜ್ಜೇನು ಬುದ್ಧಿವಂತಿಕೆಯಿಂದ ಮಳೆಗೆ ಮುಂಚೆಯೇ ಬಯಲುಸೀಮೆಯ ಕಡೆ ಹಾರಿರುತ್ತದೆ. ತುಡುವೆ ಇಲ್ಲಿಯೇ ಉಳಿದು, ಕೂಡಿಟ್ಟ ತುಪ್ಪ ತಿನ್ನುತ್ತಾ, ಮರಿ ಮಾಡುವುದನ್ನು ಕಡಿಮೆ ಮಾಡಿ ದಿನ ದೂಡುತ್ತದೆ. ತೀರಾ ಹಸಿದರೆ ಗೂಡನ್ನೇ ಬಿಟ್ಟು ಹೊರಡುತ್ತದೆ. ಗೋಡೆಯ ಬಿರುಕಿನಲ್ಲಿ ಗೂಡು ಮಾಡುವ ಪುಟ್ಟ ಮಿಸ್ರಿ ಜೇನಿಗೆ ದೂರ ಹಾರುವ ಶಕ್ತಿಯಿಲ್ಲ. ನಿಮ್ಮ ಮನೆಯ ಸುತ್ತ ಕೆಲವು ನೂರು ಮೀಟರ್‌ನಲ್ಲಿ ಏನಿದೆಯೋ ಅಷ್ಟೇ ಅದರ ಪ್ರಪಂಚ. ಈ ನೂರು, ನೂರಿಪ್ಪತ್ತು ದಿನಗಳನ್ನು ದಾಟಿಸಿದ ಜೇನು ಮುಂದಿನ ಎಂಟು ತಿಂಗಳು ಆಸುಪಾಸಿನಲ್ಲಿಯೇ ಇರುತ್ತದೆ. ಹೀಗಾಗಿ ನಿಮ್ಮ ದುಡ್ಡು, ಜಾಗ, ಶ್ರಮದ ಬಹುಪಾಲನ್ನು ಮಳೆಗಾಲದ ಹೂವಿಗೇ ಹಾಕಿ ಎನ್ನುತ್ತೇನೆ. ಉಳಿದ ಕಾಲಕ್ಕೆ ಅಲ್ಪಸ್ವಲ್ಪ ಸಾಕು. (ಇದನ್ನು ಕಡೂರು, ಅರಸೀಕೆರೆ ಕಡೆಯವರು ಓದುತ್ತಿದ್ದರೆ ಅವರಿಗೆ ಲೆಕ್ಕ ತಿರುಗುಮುರುಗು. ಮೂಡಿಗೆರೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆಯಾದರೆ ಅದೇ ಜಿಲ್ಲೆಯ ಕಡೂರಿನಲ್ಲಿ ಅದರ ಮೂರನೇ ಒಂದು ಪಾಲು ಸುರಿದರೆ ದೊಡ್ಡದು. ಅಲ್ಲಿ ಹಸಿವಿನ ಕಾಲ ಬಿರುಬೇಸಿಗೆ.)

ಮಳೆಗಾಲಕ್ಕೆ ಹೂವು ಆರಿಸುವಾಗ ನಾನು ನೋಡುವುದು ಬಣ್ಣವನ್ನಲ್ಲ, ಆ ಹೂವಿಗೆ ಸೂರು ಇದೆಯೇ ಎಂಬುದನ್ನು. ಮುಖ ಮೇಲಕ್ಕೆತ್ತಿ ಅರಳುವ ಹೂವು ಮಳೆಯಲ್ಲಿ ಕೆಲಸಕ್ಕೆ ಬಾರದು. ತಲೆ ಬಗ್ಗಿಸಿದ ಹೂವು, ಎಲೆಯ ಅಡಿಯಲ್ಲಿ ಬರುವ ಹೂವು, ಮುಸುಕು ಇರುವ ಹೂವು — ಇವು ಒಳಗಿನ ಮಕರಂದವನ್ನು ಕಾಪಾಡಿಕೊಳ್ಳುತ್ತವೆ. ಮಳೆ ಅರ್ಧ ಗಂಟೆ ಹೊಳವಾದರೂ ಸಾಕು, ಜೇನು ಬಂದು ಹೀರಿಕೊಂಡು ಹೋಗುತ್ತದೆ.

ಈ ದೃಷ್ಟಿಯಿಂದ ಬಾಳೆಗೆ ಸಮನಾದದ್ದು ಇನ್ನೊಂದಿಲ್ಲ. ನಾವು ಬಾಳೆಯನ್ನು ಹಣ್ಣು, ಎಲೆ, ದಿಂಡಿಗೆ ಲೆಕ್ಕ ಹಾಕುತ್ತೇವೆ, ಹೂವಿನ ಗಿಡಗಳ ಪಟ್ಟಿಗೆ ಸೇರಿಸುವುದೇ ಇಲ್ಲ. ಒಮ್ಮೆ ಮಳೆ ಹೊಳವಾದಾಗ ಗೊನೆಯ ಕೆಳಗೆ ನಿಂತು ನೋಡಿ. ಮೂತಿಯ ನೇರಳೆ ಬಣ್ಣದ ಸಿಪ್ಪೆಯೊಂದು ಮೇಲಕ್ಕೆ ಸುರುಟಿಕೊಂಡಿರುತ್ತದೆ. ಅದರ ಅಡಿಯಲ್ಲಿ ಎರಡು ಸಾಲಾಗಿ ಕೆನೆ ಬಣ್ಣದ ಹೂವುಗಳು. ಒಂದೊಂದರ ಬುಡದಲ್ಲೂ ತಿಳಿಯಾದ, ಬೆರಳಿಗೆ ಅಂಟುವಷ್ಟು ಗಟ್ಟಿಯಾದ ಮಕರಂದದ ಹನಿ. ಮೇಲಿನ ಸಿಪ್ಪೆಯೇ ಮಾಡು, ಒಂದು ಹನಿ ಮಳೆ ಒಳಗೆ ಇಳಿಯುವುದಿಲ್ಲ. ತುಡುವೆ ತಲೆಕೆಳಗಾಗಿ ನೇತಾಡಿ ಕುಡಿಯುತ್ತಿರುತ್ತದೆ, ಅದು ಹೋದರೆ ಸೂರಕ್ಕಿ, ಕತ್ತಲಾದರೆ ಬಾವಲಿ. ದಿನಕ್ಕೊಂದು ಸಿಪ್ಪೆ ಎತ್ತುತ್ತಾ ತಿಂಗಳುಗಟ್ಟಲೆ ಈ ಅನ್ನಛತ್ರ ನಡೆಯುತ್ತದೆ. ಬಾಳೆ ನೆಡುವಾಗ ಎಲ್ಲ ಕಂದುಗಳನ್ನೂ ಒಂದೇ ದಿನ ನೆಡಬೇಡಿ. ಎರಡು ಮೂರು ತಿಂಗಳು ಬಿಟ್ಟು ಬಿಟ್ಟು ನೆಟ್ಟರೆ ವರ್ಷದ ಯಾವ ತಿಂಗಳಲ್ಲೂ ಒಂದಾದರೂ ಮೂತಿ ಇಳಿದಿರುತ್ತದೆ. ಕಾಯಿ ಕಟ್ಟಿ ಮುಗಿದೊಡನೆ ಮೂತಿ ಮುರಿದು ಪಲ್ಯ ಮಾಡುವ ಅಭ್ಯಾಸ ನಮ್ಮದು. ಬೇಡ ಎನ್ನುವುದಿಲ್ಲ. ಬೇಸಿಗೆಯ ಮೂತಿಗಳನ್ನು ಪಲ್ಯಕ್ಕೆ ತೆಗೆದುಕೊಳ್ಳಿ, ಜುಲೈ–ಆಗಸ್ಟ್‌ನವನ್ನು ಗಿಡದಲ್ಲಿಯೇ ಬಿಡಿ.

ಎರಡನೆಯದು ಏಲಕ್ಕಿ. ಅದರ ಹೂವಿನ ಕಾಲ ಬೇಸಿಗೆಯ ಕೊನೆಯಿಂದ ಶುರುವಾಗಿ ಮಳೆಗಾಲ ಪೂರ್ತಿ ನಡೆಯುತ್ತದೆ. ಬುಡದಿಂದ ಹೊರಟು ನೆಲದ ಮೇಲೆ ಹರಡುವ ಹೂದಂಡುಗಳಿಗೆ ಮೇಲಿನ ಎಲೆಗಳೇ ಕೊಡೆ. ಬಿಳಿ ಎಸಳಿನ ಮೇಲೆ ನೇರಳೆ ಗೆರೆಗಳಿರುವ ಆ ಪುಟ್ಟ ಹೂವಿಗೆ ಜೇನು ಬರದಿದ್ದರೆ ಕಾಯಿಯೇ ಇಲ್ಲ. ಜೇನಿಗೂ ಆ ಹೊತ್ತಿನಲ್ಲಿ ಬೇರೆ ಗತಿಯಿಲ್ಲ. ಪಾತ್ರೆ ತೊಳೆದ ನೀರು ಹರಿಯುವ ಕಡೆ, ಅರೆನೆರಳಿನಲ್ಲಿ ನಾಲ್ಕಾರು ಬುಡ ಹಾಕಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಪಾಯಸಕ್ಕೂ ಆಯಿತು.

ಕರ್ಣಕುಂಡಲವನ್ನು ನೀವು ಬಲ್ಲಿರಿ, ಗೌರಿ ಹಬ್ಬದ ಹೊತ್ತಿಗೆ ಅಂಗಳದ ಅಂಚಿನಲ್ಲಿ ತಾನಾಗಿಯೇ ಹುಟ್ಟುತ್ತದೆ. ಅದರ ಹೂವಿನ ಹಿಂದೆ ಬಾಗಿದ ಸಣ್ಣ ಬಾಲವಿದೆ, ಮಕರಂದ ಇರುವುದು ಅದರಲ್ಲಿ, ಮಳೆ ಮುಟ್ಟದ ಜಾಗದಲ್ಲಿ. ಧರೆಯ ಮೇಲೆ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ಮೇಲೆ, ಜುಲೈನಲ್ಲಿ ಅರಳುವ ಕಾಡು ಕರ್ಣಕುಂಡಲಗಳೂ ಇದೇ ಬಳಗದವು; ಪಶ್ಚಿಮ ಘಟ್ಟದಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲದ ಜಾತಿಗಳು ಅವುಗಳಲ್ಲಿ ಎಷ್ಟೋ ಇವೆ. ಧರೆ ಸವರುವವರಿಗೆ ಅಕ್ಟೋಬರ್‌ವರೆಗೆ ತಡೆಯಲು ಹೇಳಿ. ರಥಪುಷ್ಪದ ಒಂದು ಬುಡವಿದ್ದರೆ ಜುಲೈನಿಂದ ಮೂರು ನಾಲ್ಕು ತಿಂಗಳು ಕೆಂಪು ಗೋಪುರಗಳು ನಿಲ್ಲುತ್ತವೆ, ದೊಡ್ಡ ಚಿಟ್ಟೆಗಳಿಗೆ ಅದೆಂದರೆ ಪ್ರಾಣ. ಬೇರಿನಿಂದ ಮರಿ ಏಳುತ್ತದೆ, ನೆರೆಮನೆಯವರನ್ನು ಕೇಳಿದರೆ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕೇಪಳವೂ ಹಾಗೆಯೇ. ಆಂಟಿಗೋನನ್ ಬಳ್ಳಿಯ ಗುಲಾಬಿ ಹೂವನ್ನು ಜೇನು ಸಾಕುವವರು ಮೆಚ್ಚುತ್ತಾರೆ, ಮೆಚ್ಚುವುದು ಸರಿಯೇ. ಆದರೆ ಅದು ಗೆಡ್ಡೆ ಊರಿ ಹಬ್ಬುವ ಹೊರನಾಡಿನ ಬಳ್ಳಿ. ನಿಮ್ಮ ಹಿತ್ತಲು ಕಾಡಿಗೆ ತಾಗಿಕೊಂಡಿದ್ದರೆ ತರಬೇಡಿ.

ಇನ್ನು ಡೇರೆ. ಮಲೆನಾಡಿನ ಹೆಂಗಸರ ಮಳೆಗಾಲದ ಅಭಿಮಾನವೇ ಡೇರೆ ಹೂವು. ತಲೆಯಷ್ಟು ದೊಡ್ಡದು ಬಿಟ್ಟವರ ಮನೆಯ ಗೆಡ್ಡೆಗೆ ಊರಲ್ಲೆಲ್ಲ ಬೇಡಿಕೆ. ಆ ದೊಡ್ಡ ಹೂವಿನಲ್ಲಿ ಜೇನಿಗೆ ಹೆಚ್ಚೇನೂ ಸಿಗುವುದಿಲ್ಲ. ಸುತ್ತುಸುತ್ತಾಗಿ ತುಂಬಿದ ಎಸಳುಗಳು ಪರಾಗ ಕೊಡಬೇಕಾದ ಜಾಗವನ್ನೆಲ್ಲ ನುಂಗಿಬಿಟ್ಟಿರುತ್ತವೆ. ಒಂದೇ ಸುತ್ತು ಎಸಳಿದ್ದು ನಡುವೆ ಹಳದಿ ಬಟ್ಟು ಎದ್ದು ಕಾಣುವ ಡೇರೆ ಬೇಕು. ಅಂಥದ್ದನ್ನು ಯಾರೂ ಕಾಪಾಡುವುದಿಲ್ಲ. ‘ಇದು ಕಾಡು ಜಾತಿ’ ಎಂದು ಕಿತ್ತು ಬೇಲಿಗೆ ಎಸೆಯುತ್ತಾರೆ, ನೀವು ಆರಿಸಿಕೊಂಡು ಬನ್ನಿ. ನಿಮ್ಮ ಚೆಂಡು ಹೂವಿಗೆ ಜೇನು ಬರದಿರಲೂ ಇದೇ ಕಾರಣ. ಮುದ್ದೆ ದಾಸವಾಳ, ಸುತ್ತುಸುತ್ತಿನ ಕರ್ಣಕುಂಡಲ, ದೊಡ್ಡ ಸೇವಂತಿಗೆ — ದೇವರಿಗೂ ಮುಡಿಗೂ ಸರಿ. ಪೆಟೂನಿಯಾವಂತೂ ಗೋಡೆಗೆ ಬಳಿದ ಬಣ್ಣಕ್ಕಿಂತ ಹೆಚ್ಚೇನಲ್ಲ ಎಂಬುದು ನನ್ನ ಅಭಿಪ್ರಾಯ. ಒಂಟಿ ಎಸಳಿನ ಕೆಂಪು ದಾಸವಾಳ ಇರಲಿ, ಸೂರಕ್ಕಿ ಬರುತ್ತದೆ.

ನೆಡದೆ ಸಿಗುವ ಹೂವುಗಳ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ನಾಚಿಕೆಮುಳ್ಳು ನಿಮ್ಮ ಕಾಲಿಗೆ ಚುಚ್ಚುತ್ತದೆ, ಅದು ಅಮೆರಿಕ ಖಂಡದಿಂದ ಬಂದ ಕಳೆಯೂ ಹೌದು. ಹಾಗಿದ್ದರೂ ಮಳೆಗಾಲದ ಬೆಳಗಿನಲ್ಲಿ ಜೇನಿಗೆ ಪರಾಗ ಕೊಡುವವರಲ್ಲಿ ಅದು ಮುಂಚೂಣಿಯಲ್ಲಿದೆ. ಗುಲಾಬಿ ಬಣ್ಣದ ಆ ಗುಂಡು ಹೂವು ಮಧ್ಯಾಹ್ನದೊಳಗೆ ಬಾಡುತ್ತದೆ, ಜೇನು ಬೆಳಿಗ್ಗೆ ಏಳೆಂಟಕ್ಕೇ ಅದರ ಮೇಲೆ ಇರುತ್ತದೆ. ಮಕ್ಕಳು ಓಡಾಡುವ ಕಡೆ ಕಿತ್ತುಹಾಕಿ, ಬೇಲಿ ಬುಡದಲ್ಲಿ ಇರಲಿ. ಮಳೆ ಇಳಿಯುತ್ತಿದ್ದಂತೆ ತುಂಬೆ ಏಳುತ್ತದೆ. ಬಿಳಿ ಹೂವಿನ ಮೇಲ್ತುಟಿಯೇ ಮುಸುಕು. ಸೆಪ್ಟೆಂಬರ್‌ನಿಂದ ಕಾರ್ತಿಕದವರೆಗೆ ಶಿವಪೂಜೆಗೂ ಅದೇ ಬೇಕು, ಜೇನಿಗೂ ಅದೇ ಬೇಕು. ಕಳೆನಾಶಕ ಹೊಡೆದ ಹಿತ್ತಲಲ್ಲಿ ತುಂಬೆಯೂ ಇಲ್ಲ, ನಾಚಿಕೆಯೂ ಇಲ್ಲ. ಅಲ್ಲಿ ಯಾವ ನರ್ಸರಿಯ ಗಿಡ ತಂದಿಟ್ಟರೂ ಜೇನಿಗೆ ಆ ನಷ್ಟ ತುಂಬುವುದಿಲ್ಲ. ಕಳೆ ಕೀಳುವುದಾದರೆ ಹಿತ್ತಲನ್ನು ಮೂರು ಪಾಲು ಮಾಡಿ, ಒಂದು ಪಾಲು ಹೂವು ಮುಗಿಸಿದ ಮೇಲೆ ಅದನ್ನು ಕೀಳಿ, ಅಷ್ಟರಲ್ಲಿ ಇನ್ನೊಂದು ಹೂವಿಗೆ ಬಂದಿರುತ್ತದೆ.

ಹುಬ್ಬೆ ಮಳೆಯ ಹೊತ್ತಿಗೆ ಒಂದು ಹಿಡಿ ಹುಚ್ಚೆಳ್ಳು ಚೆಲ್ಲಿ. ಹಾಸನ ಜಿಲ್ಲೆಯ ಬಯಲು ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆಯ ಜೊತೆ ಹುಚ್ಚೆಳ್ಳು ಹಾಕುವ ಪದ್ಧತಿ ಬಹಳ ಹಿಂದಿನದು. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಹೊಲದ ಅಂಚೆಲ್ಲ ಹಳದಿಯಾಗುತ್ತದೆ. ಹುಚ್ಚೆಳ್ಳಿಗೂ ತನ್ನ ಪರಾಗ ತನಗೆ ಆಗುವುದಿಲ್ಲ, ಅದಕ್ಕೇ ಜೇನನ್ನು ಕರೆಯಲು ಅದು ಧಾರಾಳಿ. ನಿಮ್ಮಲ್ಲಿ ಮಳೆ ಹೆಚ್ಚು, ನೀರು ಬಸಿದುಹೋಗುವ ಏರು ಜಾಗ ಆರಿಸಿ. ಸೀಮೆಬದನೆ ಚಪ್ಪರ ಇದ್ದರೆ ಅದೂ ಇದೇ ಕಾಲಕ್ಕೆ ಹೂವಿಗೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಮಂಕು ಹೂವು, ಮಕರಂದ ಮಾತ್ರ ಸಮೃದ್ಧ. ಮಿಸ್ರಿ ಜೇನು ಅಲ್ಲಿ ಇಡೀ ದಿನ ಗುಂಯ್‌ಗುಡುತ್ತದೆ.

ಚಳಿಗಾಲ, ಬೇಸಿಗೆಗೆ ಹೆಚ್ಚು ಹೇಳುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ, ಮೂಲಂಗಿಯಲ್ಲಿ ಒಂದೆರಡು ಗಿಡ ಕೀಳದೆ ಹೂವಿಗೆ ಬಿಡಿ. ಕಾಮಕಸ್ತೂರಿ, ತುಳಸಿ ಇರಲಿ. ತೆನೆಯನ್ನೆಲ್ಲ ಒಂದೇ ದಿನ ಚಿವುಟಬೇಡಿ. ಒಂದು ನುಗ್ಗೆ, ಒಂದು ಕರಿಬೇವು. ಏಪ್ರ‍ಿಲ್ ಬಿಸಿಲಿನಲ್ಲಿ ಹೂವಿಗಿಂತ ನೀರಿನ ಕೊರತೆ ಹೆಚ್ಚು. ಅಗಲ ತಟ್ಟೆಯಲ್ಲಿ ಕಲ್ಲು ಹರಡಿ, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿಡಿ. ಜೇನಿಗೆ ಕಾಲೂರಲು ಜಾಗವಿಲ್ಲದ ಬಕೆಟ್ ಸಾವಿನ ಬಾವಿ.

ಈಗ ಟೊಮೆಟೊ, ಬದನೆ. ಇವಕ್ಕೆ ಪೆಟ್ಟಿಗೆಯ ಜೇನು ಅಷ್ಟಾಗಿ ಉಪಯೋಗವಿಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಈ ಹೂವುಗಳ ನಡುವೆ ಹಳದಿ ಕೊಳವೆ ಕಾಣುತ್ತದಲ್ಲ, ಪರಾಗ ಅದರೊಳಗಿದೆ, ಹೊರಗೆ ಬರಲು ತುದಿಯ ಕಿರಿದಾದ ದಾರಿಯೊಂದೇ. ಅದನ್ನು ಅದುರಿಸಬೇಕು. ತುಡುವೆ ಜೇನಿಗೆ ಆ ವಿದ್ಯೆ ಬಾರದು. ಟೊಮೆಟೊ ಹೇಗೋ ಗಾಳಿಯ ಅಲುಗಾಟದಲ್ಲಿ ಸುಧಾರಿಸಿಕೊಳ್ಳುತ್ತದೆ. ಬದನೆಗೆ ಅದುರಿಸುವವರು ಬಂದರೆ ಕಾಯಿ ಚೆನ್ನಾಗಿ ತುಂಬುತ್ತದೆ. ಆ ವಿದ್ಯೆ ಬಲ್ಲದ್ದು ನೀಲಿ ಪಟ್ಟೆಯ ಒಂಟಿ ಜೇನು. ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ತಿಳಿನೀಲಿ ಪಟ್ಟೆಗಳು, ಒಂದೆಡೆ ನಿಲ್ಲದ ಚಡಪಡಿಕೆ. ಬದನೆ ಹೂವಿಗೆ ಬಂದು ಕೊಳವೆಯನ್ನು ಕಾಲುಗಳಿಂದ ಅಪ್ಪಿಕೊಂಡು ಮೈ ಬಾಗಿಸುತ್ತದೆ. ಹಾರುವಾಗಿನ ಗುಂಯ್ ಶಬ್ದ ಆ ಕ್ಷಣಕ್ಕೆ ಒಮ್ಮೆಲೇ ಏರುತ್ತದೆ, ಹತ್ತಿರ ನಿಂತರೆ ಕಿವಿಗೆ ಕೇಳುತ್ತದೆ. ರೆಕ್ಕೆ ಆಡಿಸದೆ ರೆಕ್ಕೆಯ ಸ್ನಾಯುವನ್ನು ಮಾತ್ರ ನಡುಗಿಸಿ ಪರಾಗ ಉದುರಿಸಿಕೊಳ್ಳುವ ಕಸುಬು ಅದು. ಕರಿದುಂಬಿಯೂ ಇದನ್ನು ಬಲ್ಲದು. ಶರಬತ್ತಿನ ಹಣ್ಣಿನ (ಪ್ಯಾಶನ್ ಫ್ರೂಟ್) ಬಳ್ಳಿ ಕಾಯಿ ಕಟ್ಟಲು ಕರಿದುಂಬಿಯ ಗಾತ್ರದವರೇ ಬೇಕು, ಸಣ್ಣ ಜೇನಿನ ಬೆನ್ನು ಅದರ ಪರಾಗಕ್ಕೆ ತಾಗುವುದೇ ಇಲ್ಲ.

ಈ ಒಂಟಿ ಜೇನುಗಳಿಗೆ ಹೂವಿಗಿಂತ ಮನೆಯ ಸಮಸ್ಯೆ ದೊಡ್ಡದು. ನೀಲಿ ಪಟ್ಟೆಯದು ಮಣ್ಣಿನಲ್ಲಿ ತೂತು ಕೊರೆಯುತ್ತದೆ: ಮನೆಯ ಹಿಂದಿನ ಧರೆ, ಹಳೆಯ ಮಣ್ಣಿನ ಗೋಡೆ, ಮಳೆ ತಾಗದ ಕಟ್ಟೆಯ ಬದಿ. ಧರೆಗೆಲ್ಲ ಸಿಮೆಂಟು ಮೆತ್ತಿ, ಅಂಗಳಕ್ಕೆಲ್ಲ ಟೈಲ್ಸ್ ಹಾಸಿ, ಉಳಿದ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಿದರೆ ಅದು ಎಲ್ಲಿಗೆ ಹೋಗಬೇಕು? ಕುಸಿಯುವ ಭಯವಿಲ್ಲದ ಕಡೆ ಒಂದು ಆಳುದ್ದ ಧರೆಯನ್ನು ಬೋಳಾಗಿಯೇ ಬಿಡಿ. ಗಂಡು ಜೇನುಗಳಿಗೆ ಗೂಡಿಲ್ಲ. ಸಂಜೆಯಾದೊಡನೆ ಒಣ ಕಡ್ಡಿಯೊಂದನ್ನು ದವಡೆಯಿಂದ ಕಚ್ಚಿಕೊಂಡು, ಸಾಲಾಗಿ, ಕಾಲು ಮಡಚಿ ನಿದ್ದೆ ಮಾಡುತ್ತವೆ. ಕಾಮಕಸ್ತೂರಿಯ ಒಣ ತೆನೆ ಸವರುವ ಮುನ್ನ ಒಂದು ಸಂಜೆ ಬ್ಯಾಟರಿ ಹಿಡಿದು ನೋಡಿ. ಕರಿದುಂಬಿ ಮನೆಯ ರೀಪು ಕೊರೆಯುತ್ತದೆ ಎಂಬ ದೂರು ನನಗೆ ಆಗಾಗ ಬರುತ್ತದೆ. ಬಣ್ಣ ಹಚ್ಚಿದ ಮರವನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ. ರೀಪಿಗೆ ಬಣ್ಣ ಬಳಿದು, ಕೊಟ್ಟಿಗೆಯ ಸೂರಿನಡಿ ಒಣ ಬಿದಿರಿನ ತುಂಡುಗಳನ್ನು ಅಡ್ಡಡ್ಡ ಕಟ್ಟಿ. ಗುಲಾಬಿ ಎಲೆಯಲ್ಲಿ ಕತ್ತರಿಯಿಂದ ಕತ್ತರಿಸಿದಷ್ಟು ದುಂಡಗೆ ಅಂಚು ಹೋಗಿದ್ದರೆ ಅದು ರೋಗವಲ್ಲ, ಎಲೆ ಕತ್ತರಿಸುವ ಜೇನು ತನ್ನ ಮರಿಗೆ ತೊಟ್ಟಿಲು ಮಾಡಲು ಒಯ್ದಿದೆ. ತೊಗರಿ, ಅವರೆಗೆ ಅದರ ಉಪಕಾರ ಬಹಳ. ಗೋಡೆಯ ಬಿರುಕಿನಿಂದ ಬೆರಳುದ್ದದ ಕಂದು ಮೇಣದ ಕೊಳವೆ ಚಾಚಿಕೊಂಡಿದ್ದರೆ ಅದು ಮಿಸ್ರಿಯ ಬಾಗಿಲು. ಕುಟುಕುವುದಿಲ್ಲ. ಗೋಡೆಗೆ ಸುಣ್ಣ ಹೊಡೆಯುವವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅದರ ಮೇಲೆಯೇ ಗಾರೆ ಮೆತ್ತಿ ಹೋಗುತ್ತಾರೆ.

ಚಿಟ್ಟೆ ಬೇಕೆಂದಿರಿ. ಚಿಟ್ಟೆ ಬೇಕಾದವರು ಕಂಬಳಿಹುಳುವಿನ ಊಟದ ಖರ್ಚು ಹೊರಬೇಕು. ಕರಿಬೇವು, ನಿಂಬೆಯ ಎಲೆ ತಿನ್ನುವ ಹಸಿರು ಹುಳುಗಳನ್ನು ಹಿಚುಕಿಹಾಕಿ, ಆಮೇಲೆ ಕಪ್ಪು ರೆಕ್ಕೆಯ ದೊಡ್ಡ ಮಾರ್ಮನ್ ಚಿಟ್ಟೆ ಬರಲಿಲ್ಲ ಎಂದರೆ ಹೇಗೆ? ಬೇಲಿಯಲ್ಲಿ ಒಂದು ಹೆಚ್ಚುವರಿ ಕರಿಬೇವಿನ ಗಿಡವನ್ನು ಅವುಗಳಿಗೆಂದೇ ಬಿಟ್ಟುಬಿಡಿ. ಎಕ್ಕ, ಕಣಗಿಲೆ ಇದ್ದರೆ ಬೇರೆ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಒಣಗಿದ ಕಾಯಿ ಅಲುಗಿಸಿದರೆ ಸದ್ದು ಮಾಡುವ ಗಿಲಿಗಿಚ್ಚಿ ಗಿಡಕ್ಕೆ ಹುಲಿಪಟ್ಟೆಯ ಗಂಡು ಚಿಟ್ಟೆಗಳು ಹಿಂಡಾಗಿ ಮುತ್ತುತ್ತವೆ, ಹೆಣ್ಣನ್ನು ಒಲಿಸಿಕೊಳ್ಳಲು ಬೇಕಾದ ರಸ ಅವಕ್ಕೆ ಅದರಲ್ಲಿ ಸಿಗುತ್ತದೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಪಶ್ಚಿಮ ಘಟ್ಟದ್ದೇ. ಅದು ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡಗಳ ಮೇಲೆ. ಆ ಬಳ್ಳಿ ವಿಷದ್ದು, ದನ ಕರು ಮೇಯದ ಕಡೆ ಹಬ್ಬಿಸಿ.

ಔಷಧಿ ಹೊಡೆಯುವ ವಿಚಾರ ಚುಟುಕಾಗಿ. ಬೇವಿನೆಣ್ಣೆಯಾದರೂ ಸರಿ, ಸಂಜೆ ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ, ಅರಳಿದ ಹೂವಿಗೆ ತಾಗದಂತೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣಕ್ಕಿಂತ ಕೀಟನಾಶಕಗಳ ಭಯ ದೊಡ್ಡದು. ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸಕ್ಕೆ ಸೇರಿ ಪರಾಗ, ಮಕರಂದದಲ್ಲೂ ಬರುತ್ತವೆ. ನರ್ಸರಿಯಲ್ಲಿ ಸಸಿ ಕೊಳ್ಳುವಾಗ ಏನು ಹಾಕಿದ್ದಾರೆಂದು ಕೇಳಿ. ಉತ್ತರ ಸಿಗದಿದ್ದರೆ ಬೀಜ ತಂದು ನೀವೇ ಸಸಿ ಮಾಡಿಕೊಳ್ಳಿ. ಪಕ್ಕದ ತೋಟದಲ್ಲಿ ಹೊಡೆಯುವ ದಿನ ಮೊದಲೇ ತಿಳಿಸುವಂತೆ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಅವರ ರೊಬಸ್ಟಾಕ್ಕೂ ಅದೇ ಜೇನು ಬೇಕು.

ಕೊನೆಗೆ ಪೆಟ್ಟಿಗೆ. ಈ ವರ್ಷ ತರಬೇಡಿ. ಜುಲೈನಲ್ಲಿ ಮೇವಿಲ್ಲದ ಹಿತ್ತಲಿಗೆ ಜೇನುಕುಟುಂಬ ತಂದಿಟ್ಟರೆ ಅದು ಎರಡು ವಾರದಲ್ಲಿ ಗೂಡು ಬಿಟ್ಟು ಹೋಗುವ ಸಂಭವವೇ ಹೆಚ್ಚು. ಬಾಳೆ, ಏಲಕ್ಕಿ, ರಥಪುಷ್ಪ ಒಂದು ಮಳೆಗಾಲ ಕಂಡ ಮೇಲೆ, ನವೆಂಬರ್ ಹೊತ್ತಿಗೆ ತನ್ನಿ. ಇಲ್ಲಿಯ ಮಳೆಗೆ ತುಡುವೆಯೇ ಸರಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಹೆಚ್ಚುಕಡಿಮೆ ಬರಿದು ಮಾಡಿತ್ತು, ರೋಗ ಈಗಲೂ ಅಲ್ಲಲ್ಲಿ ತಲೆಯೆತ್ತುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಚೌಕಟ್ಟು ಎತ್ತಿಸಿ ನೋಡಿ. ಮರಿಹುಳುಗಳು ಮುತ್ತಿನ ಬಿಳುಪಿನಲ್ಲಿ ಸುರುಳಿ ಸುತ್ತಿಕೊಂಡಿರಬೇಕು. ತಲೆ ಮೇಲೆ ಮಾಡಿ ನೀರುಚೀಲವಾಗಿ ಸತ್ತಿದ್ದರೆ ಆ ಪೆಟ್ಟಿಗೆ ಬೇಡ. ಮನೆಗೆ ತಂದ ಮೇಲೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಇರುವೆ ಹತ್ತುವುದಿಲ್ಲ. ಬಾಗಿಲು ಮಳೆಯ ಇರಚಲಿಗೆ ಎದುರಾಗದಿರಲಿ, ಅಂದರೆ ಪಶ್ಚಿಮಕ್ಕೆ ಬೇಡ. ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡಬೇಕಾಗಿ ಬಂದರೆ ಗೂಡಿನ ಒಳಗೇ ಇಡಿ, ಅದೂ ಕತ್ತಲಾಗುವಾಗ. ಹಗಲು ಹೊತ್ತು ಕೊಟ್ಟರೆ ವಾಸನೆಗೆ ಬೇರೆ ಗೂಡಿನ ಜೇನುಗಳು ದರೋಡೆಗೆ ಬರುತ್ತವೆ.